ಓರ್ಕ್‌ಗೆ ಸಿಕ್ಕ ಬಡ್ತಿ ರಾಕ್ಷಸನಿಗೆ ಯಾಕಿಲ್ಲ?

ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ, ಪಾತ್ರ ವಹಿಸಿ ಕಥೆ ಕಟ್ಟುವ ಮೇಜಿನ ಆಟಕ್ಕೆ 2024ರಲ್ಲಿ ಐವತ್ತು ತುಂಬಿತು. ಅದೇ ಹೊತ್ತಿಗೆ ಅದರ ನಿಯಮದ ಪುಸ್ತಕಗಳು ಹೊಸದಾಗಿ ಬಂದವು. 2024ರ ಸೆಪ್ಟೆಂಬರಿನಲ್ಲಿ ಬಂದ ಆಟಗಾರರ ಪುಸ್ತಕದಲ್ಲಿ ಮನುಷ್ಯ, ಚೂಪು ಕಿವಿಯ ಎಲ್ಫ್, ಕುಳ್ಳ ಡ್ವಾರ್ಫ್ ಸಾಲಿನಲ್ಲೇ, ಮೊದಲು ಬರೀ ದುಷ್ಟ ಶತ್ರುವಾಗಿದ್ದ ಓರ್ಕ್ ಕೂಡ ಇದ್ದಾನೆ. ಯಾರು ಬೇಕಾದರೂ ಓರ್ಕ್ ಆಗಿ ಆಡಬಹುದು. 2025ರ ಫೆಬ್ರವರಿಯಲ್ಲಿ ಬಂದ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ, ಅಂದರೆ ಆಟಗಾರರು ಎದುರಿಸಬೇಕಾದ ಜೀವಿಗಳ ಪುಸ್ತಕದಲ್ಲಿ, ಓರ್ಕ್‌ಗೆ ಮೊದಲಿದ್ದ ಪುಟ ಹೋಗಿದೆ. ರಾಕ್ಷಸನ ಪುಟ ಮಾತ್ರ ಹಾಗೇ ಇದೆ. ಹುಲಿ ಮುಖ, ಶ್ರೀಮಂತರ ಉಡುಪು, ಹಿಂದುಮುಂದಾದ ಅಂಗೈ. ವರ್ಗ: ಫೀಂಡ್. ನರಕದ ಕಡೆಯವನು, ಹುಟ್ಟಿನಿಂದಲೇ ಕೆಟ್ಟವನು ಅಂತ ಅರ್ಥ.

ಇದು ತಮಾಷೆಯ ಲೆಕ್ಕ. ಓರ್ಕ್ ಅನ್ನುವ ಹೆಸರಿನ ಹಿಂದೆ ಇರುವುದು ಹಳೆಯ ಇಂಗ್ಲಿಷ್ ಕಾವ್ಯದ ಒಂದೇ ಒಂದು ಸಾಲು. ರಾಕ್ಷಸನ ಹಿಂದೆ ರಾಮಾಯಣ ಇದೆ, ಮಹಾಭಾರತ ಇದೆ, ನಮ್ಮ ಸೀಮೆಯ ಬೆಟ್ಟಗುಡ್ಡಗಳ ಕಥೆಗಳಿವೆ. ಒಂದು ಸಾಲಿನವನಿಗೆ ಆಟದಲ್ಲಿ ಊರು, ಕುಲ, ಹೆಂಡತಿ ಮಕ್ಕಳು, ಮನಸ್ಸು ಎಲ್ಲ ಸಿಕ್ಕವು. ಸಾವಿರಾರು ಶ್ಲೋಕದವನು ಇನ್ನೂ ಹುಲಿ ಮುಖ ಹೊತ್ತುಕೊಂಡು ನಿಂತಿದ್ದಾನೆ. ಹೀಗ್ಯಾಕಾಯಿತು ಅಂತ ನೋಡಿದರೆ, ಪುರಾಣದ ಹೆಸರುಗಳು ಆಟಕ್ಕೆ ಹೇಗೆ ಬರುತ್ತವೆ, ಬಂದ ಮೇಲೆ ಏನಾಗುತ್ತವೆ ಅನ್ನುವುದು ಗೊತ್ತಾಗುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಪಾತ್ರದ ಬಲ, ಚುರುಕು, ಬುದ್ಧಿ ಎಲ್ಲಕ್ಕೂ ಅಂಕ ಇರುತ್ತದೆ. ಒಬ್ಬರು ಕಥೆ ನಡೆಸುತ್ತಾರೆ. ತುಮಕೂರು ಕಡೆಯ ಹಳ್ಳಿಗಳ ಪೌರಾಣಿಕ ನಾಟಕದಲ್ಲಿ ಹಾರ್ಮೋನಿಯಂ ಹಿಡಿದು ಕೂರುವ ಮೇಷ್ಟ್ರ ಹಾಗೆ ಅಂದುಕೊಳ್ಳಿ. ಆದರೆ ಇಲ್ಲಿ ಬರೆದಿಟ್ಟ ಮಾತಿಲ್ಲ, ಕಂದವಿಲ್ಲ. ಮುಂದೇನಾಗುತ್ತದೆ ಅಂತ ಹೇಳುವುದು ಇಪ್ಪತ್ತು ಮುಖದ ದಾಳ. ಪಾತ್ರ ಬರೆದುಕೊಳ್ಳುವಾಗ ಮೊದಲು ಆರಿಸಬೇಕಾದ ಸಂಗತಿಗಳಲ್ಲಿ ಒಂದು, ನೀವು ಮನುಷ್ಯರಾ ಬೇರೆಯವರಾ ಅನ್ನುವುದು.

ಇದೆಲ್ಲ ನಮ್ಮ ಕಡೆ ಯಾರು ಆಡುತ್ತಾರೆ ಅನ್ನಬೇಡಿ. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಅನ್ನುವ ಕಂಪ್ಯೂಟರ್ ಆಟ ಬಂತು. ಇದೇ ನಿಯಮಗಳ ಮೇಲೆ ನಿಂತ ಆಟ ಅದು. ಅದನ್ನು ಆಡಿ ರುಚಿ ಹತ್ತಿದವರು ಆಮೇಲೆ ಕಾಗದ ಪೆನ್ಸಿಲ್ ಹಿಡಿದರು. ತುಮಕೂರಿನ ಪಿಜಿ ರೂಮುಗಳಲ್ಲಿ, ಚಿಕ್ಕಬಳ್ಳಾಪುರದಿಂದ ದಿನಾ ಬೆಂಗಳೂರಿಗೆ ಓಡಾಡುವ ಹುಡುಗ ಹುಡುಗಿಯರ ಡಿಸ್ಕಾರ್ಡ್ ಗುಂಪುಗಳಲ್ಲಿ ಶನಿವಾರ ರಾತ್ರಿ ದಾಳ ಉರುಳುತ್ತದೆ. ನಿಯಮ ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ, ಕೋಲಾರದವರಿದ್ದರೆ ಒಂದಷ್ಟು ತೆಲುಗಿನಲ್ಲೂ.

ಮೊದಲು ಓರ್ಕ್. ಬೇವುಲ್ಫ್ ಅನ್ನುವ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಕೆಟ್ಟ ಜೀವಿಗಳನ್ನು ಪಟ್ಟಿ ಮಾಡುವ ಸಾಲೊಂದಿದೆ. ದೈತ್ಯರು, ಎಲ್ಫ್‌ಗಳು, ಓರ್ಕ್‌ನೇಯಾಸ್ ಅಂತ. ಅಷ್ಟೇ. ಅವರು ಹೇಗಿದ್ದರು, ಏನು ಮಾಡುತ್ತಿದ್ದರು ಅನ್ನುವ ವಿವರ ಇಲ್ಲ. ರೋಮನ್ನರ ಪಾತಾಳದ ದೇವರು ಓರ್ಕಸ್‌ಗೂ ಈ ಪದಕ್ಕೂ ನಂಟಿದೆ ಅಂತ ಪಂಡಿತರು ಹೇಳುತ್ತಾರೆ. ಹಳೆಯ ಇಂಗ್ಲಿಷ್ ಪಾಠ ಮಾಡುತ್ತಿದ್ದ ಪ್ರೊಫೆಸರ್ ಟೋಲ್ಕಿನ್ ಈ ಪದವನ್ನು ಎತ್ತಿಕೊಂಡು ಲಾರ್ಡ್ ಆಫ್ ದ ರಿಂಗ್ಸ್ ಥರದ ತಮ್ಮ ಕಾದಂಬರಿಗಳಲ್ಲಿ ಕಾಲಾಳು ಪಡೆಯೊಂದಕ್ಕೆ ಇಟ್ಟರು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ತಂದಾಗ ಓರ್ಕ್ ಅಲ್ಲಿಂದ ಇಲ್ಲಿಗೆ ಬಂದ. ಹೊಡೆದು ಮುಂದೆ ಹೋಗಲು ಅನುಕೂಲವಾದ ಶತ್ರು. ಸತ್ತರೆ ಯಾರೂ ಅಳಬೇಕಾಗಿಲ್ಲ.

ಅವನ ದೆಸೆ ತಿರುಗಿದ್ದು ಕಂಪ್ಯೂಟರ್ ಆಟಗಳಿಂದ. 1994ರ ವಾರ್‌ಕ್ರಾಫ್ಟ್‌ನಲ್ಲಿ ಓರ್ಕ್‌ಗಳ ಪಕ್ಷ ವಹಿಸಿಯೂ ಆಡಬಹುದಿತ್ತು. 2002ರ ಮೂರನೇ ಭಾಗದಲ್ಲಿ ಥ್ರಾಲ್ ಅನ್ನುವ ಓರ್ಕ್ ನಾಯಕ ಬಂದ. ಸೆರೆಯಲ್ಲಿ ಬೆಳೆದು ತನ್ನ ಜನರನ್ನು ಬಿಡಿಸಿಕೊಂಡು ಹೊಸ ನೆಲ ಹುಡುಕುವವನು. ಆಮೇಲೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಲಕ್ಷಾಂತರ ಜನ ವರ್ಷಗಟ್ಟಲೆ ಓರ್ಕ್ ಆಗಿಯೇ ಬದುಕಿದರು. ಅಷ್ಟು ದಿನ ಒಬ್ಬನ ಚರ್ಮದೊಳಗೆ ಇದ್ದ ಮೇಲೆ ಅವನು ಹುಟ್ಟಾ ಪಾಪಿ ಅಂದರೆ ಯಾರು ಒಪ್ಪುತ್ತಾರೆ?

ಮೇಜಿನ ಆಟ ಮಾತ್ರ ನಿಧಾನಕ್ಕೆ ಬದಲಾಯಿತು. 1974ರ ಮೊದಲ ನಿಯಮಗಳಲ್ಲಿ ಮನುಷ್ಯರಲ್ಲದವರು ಒಂದು ಮಟ್ಟದ ಮೇಲೆ ಬೆಳೆಯುವಂತೆಯೇ ಇರಲಿಲ್ಲ. ಡ್ವಾರ್ಫ್ ಯೋಧ ಆರನೇ ಹಂತಕ್ಕೆ ನಿಲ್ಲಬೇಕು, ಟೋಲ್ಕಿನ್ ಕಥೆಗಳಿಂದ ಬಂದ ಕುಳ್ಳ ಹಾಬಿಟ್ ನಾಲ್ಕಕ್ಕೆ. ಮನುಷ್ಯನಿಗೆ ಮಿತಿ ಇಲ್ಲ. 2016ರಷ್ಟು ಈಚೆಗೆ ಬಂದ ಪುಸ್ತಕದಲ್ಲೂ ಓರ್ಕ್ ಪಾತ್ರ ಆರಿಸಿಕೊಂಡರೆ ಬುದ್ಧಿಯಲ್ಲಿ ಎರಡು ಅಂಕ ಕಡಿತ. ಹುಟ್ಟಿದ ಕುಲ ನೋಡಿ ಬುದ್ಧಿಗೆ ಅಂಕ ಹಾಕುವುದು ಎಂಥ ನಿಯಮ ಅಂತ ಆಟಗಾರರೇ ಕೇಳಿದರು. ನಮ್ಮ ನಾಡಿನಲ್ಲಿ ಈ ಪ್ರಶ್ನೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 2020ರಲ್ಲಿ ಆ ಕಡಿತ ತೆಗೆದರು. ಅದೇ ವರ್ಷ, ಹೆಚ್ಚುವರಿ ಅಂಕಗಳನ್ನು ಆಟಗಾರ ತನಗೆ ಬೇಕಾದ ಕಡೆ ಹಾಕಿಕೊಳ್ಳಬಹುದು ಅನ್ನುವ ನಿಯಮವೂ ಬಂತು. 2022ರ ಡಿಸೆಂಬರಿನಲ್ಲಿ, ಇನ್ನು ಮುಂದೆ ರೇಸ್ ಅನ್ನುವ ಪದ ಬಳಸುವುದಿಲ್ಲ, ಸ್ಪೀಶೀಸ್ ಅನ್ನುತ್ತೇವೆ ಅಂತ ಕಂಪನಿ ಹೇಳಿತು. ಎದುರಾಳಿ ಆಟವಾದ ಪಾತ್‌ಫೈಂಡರ್ 2019ರ ಎರಡನೇ ಆವೃತ್ತಿಯಲ್ಲೇ ಆನ್ಸೆಸ್ಟ್ರಿ ಅಂತ ಮಾಡಿಕೊಂಡಿತ್ತು. ಓರ್ಕ್‌ನ ಬಡ್ತಿಯ ಕಥೆ ಇದು.

ಉಳಿದ ಯುರೋಪಿನ ಹೆಸರುಗಳೂ ಸವೆದೇ ಬಂದಿವೆ. ಎಲ್ಫ್ ಅಂದರೆ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ಆಲ್ಫ್ರ್. ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 13ನೇ ಶತಮಾನದಲ್ಲಿ ಬರೆದ ಎಡ್ಡಾ ಅನ್ನುವ ಪುರಾಣದ ಪುಸ್ತಕದಲ್ಲಿ ಬೆಳಕಿನ ಆಲ್ಫ್ರ್, ಕತ್ತಲೆಯ ಆಲ್ಫ್ರ್ ಅಂತ ಎರಡು ಬಗೆ. ಆಟದ ಕಪ್ಪು ಎಲ್ಫ್‌ಗಳಿಗೆ ಡ್ರೌ ಅನ್ನುವ ಹೆಸರು ಬಂದಿದ್ದು ಸ್ಕಾಟ್ಲೆಂಡಿನ ಜನಪದದಿಂದ. ಡ್ವಾರ್ಫ್‌ಗಳ ಹೆಸರಿನ ಉದ್ದನೆಯ ಪಟ್ಟಿಯೇ ವೊಲುಸ್ಪಾ ಅನ್ನುವ ನಾರ್ಸ್ ಕವಿತೆಯಲ್ಲಿದೆ. ಟೋಲ್ಕಿನ್ ತಮ್ಮ ಡ್ವಾರ್ಫ್‌ಗಳಾದ ಥೋರಿನ್, ಡೂರಿನ್ ಹೆಸರನ್ನಷ್ಟೇ ಅಲ್ಲ, ಮಂತ್ರವಾದಿ ಗಂಡಾಲ್ಫ್‌ನ ಹೆಸರನ್ನೂ ಆ ಪಟ್ಟಿಯಿಂದಲೇ ಎತ್ತಿದ್ದು. ನೋಮ್ ಅನ್ನುವುದು ಜನಪದವೂ ಅಲ್ಲ. 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಮಣ್ಣಿನ ಜೀವಿಗಳಿಗೆ ಅಂತ ಇಟ್ಟ ಹೆಸರು.

ಇವರಲ್ಲಿ ನನಗೆ ಜಾಸ್ತಿ ಇಷ್ಟ ಕೋಬೋಲ್ಡ್. ಆಟದಲ್ಲಿ ಇವನು ಸೊಂಟಕ್ಕೂ ಬಾರದ ಸಣ್ಣ ಶತ್ರು, ಹೊಸಬರ ಮೊದಲ ಬೇಟೆ. ಮೂಲದಲ್ಲಿ ಜರ್ಮನಿಯ ಗಣಿಗಳ ಭೂತ. ಸ್ಯಾಕ್ಸನಿ ಸೀಮೆಯ ಗಣಿ ಕೆಲಸಗಾರರಿಗೆ ಒಂದು ಅದಿರು ಸಿಗುತ್ತಿತ್ತು. ನೋಡಲು ಬೆಳ್ಳಿ ಅದಿರಿನ ಹಾಗೆ. ಕರಗಿಸಿದರೆ ಬೆಳ್ಳಿ ಬರುತ್ತಿರಲಿಲ್ಲ, ಆರ್ಸೆನಿಕ್ ಹೊಗೆ ಬರುತ್ತಿತ್ತು. ಕುಡಿದವರು ಕಾಯಿಲೆ ಬಿದ್ದರು. ಬೆಳ್ಳಿ ಕದ್ದು ವಿಷ ಇಟ್ಟವನು ಕೋಬೋಲ್ಡ್ ಅಂತ ಅವನ ಹೆಸರನ್ನೇ ಅದಿರಿಗೆ ಇಟ್ಟರು. 1730ರ ದಶಕದಲ್ಲಿ ಸ್ವೀಡನ್ನಿನ ಗೇಯಾರ್ಗ್ ಬ್ರಾಂಡ್ಟ್ ಅದರಿಂದ ಹೊಸ ಲೋಹ ತೆಗೆದಾಗ ಅದೇ ಹೆಸರು ನಿಂತಿತು. ಕೋಬಾಲ್ಟ್. ನಿಕಲ್‌ನ ಕಥೆಯೂ ಹಾಗೇ. ತಾಮ್ರದ ಹಾಗೆ ಕಂಡು ತಾಮ್ರ ಕೊಡದ ಅದಿರಿಗೆ ನಿಕಲ್ ಅನ್ನುವ ಕಿಡಿಗೇಡಿ ಭೂತದ ಹೆಸರು. ಇವತ್ತು ನಿಮ್ಮ ಮೊಬೈಲ್ ಬ್ಯಾಟರಿಯೊಳಗೆ ಕೋಬಾಲ್ಟ್ ಇದೆ. ಅಂದರೆ ಒಂದು ಗಣಿ ಭೂತವನ್ನು ಜೇಬಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೀರಿ.

ಕೋಲಾರ ಜಿಲ್ಲೆಯವರಿಗೆ ಇದು ದೂರದ ಮಾತಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆ ತನ್ನಷ್ಟಕ್ಕೆ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್ ಅಂದರೆ ಅಲ್ಲಿನ ಹಳಬರು ಈಗಲೂ ಒಂದು ಕ್ಷಣ ಸುಮ್ಮನಾಗುತ್ತಾರೆ. 2001ರಲ್ಲಿ ಗಣಿ ಮುಚ್ಚಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಇಲ್ಲಿಗೆ ಗಣಿ ಕೆಲಸದವರು ಬಂದಿದ್ದರು. ಅವರ ಸೀಮೆಯಲ್ಲೂ ಸುರಂಗದ ಗೋಡೆ ತಟ್ಟುವ ನಾಕರ್ ಅನ್ನುವ ಕುಳ್ಳ ಭೂತಗಳ ಕಥೆಗಳಿವೆ. ಆ ತಟ್ಟುವಿಕೆ ಕುಸಿತದ ಮುನ್ಸೂಚನೆ ಅಂತ ನಂಬಿಕೆ. ಅಪಾಯದ ಕೆಲಸ ಇರುವ ಕಡೆ ಹೆಸರುಗಳು ಹುಟ್ಟುತ್ತವೆ. ಆಟದ ಪುಸ್ತಕ ಆ ಹೆಸರನ್ನು ತೆಗೆದುಕೊಂಡಿತು, ಗಣಿಯನ್ನೂ ಭಯವನ್ನೂ ಅಲ್ಲೇ ಬಿಟ್ಟಿತು. 2000ದ ಮೂರನೇ ಆವೃತ್ತಿಯಿಂದ ಈಚೆಗೆ ಕೋಬೋಲ್ಡ್ ಡ್ರಾಗನ್ ಕುಲದ ಹಲ್ಲಿಯ ಹಾಗಿದ್ದಾನೆ. ಆ ರೂಪಕ್ಕೂ ಸ್ಯಾಕ್ಸನಿಗೂ ಯಾವ ಸಂಬಂಧವೂ ಇಲ್ಲ.

ಇನ್ನೊಂದು ಚಾಳಿಯನ್ನೂ ಗಮನಿಸಬೇಕು. ಗ್ರೀಕರ ಕಥೆಯಲ್ಲಿ ಮೆಡೂಸಾ ಒಬ್ಬಳೇ. ಮಿನೋಟರ್ ಒಬ್ಬನೇ, ಕ್ರೀಟ್ ದ್ವೀಪದ ಚಕ್ರವ್ಯೂಹದಲ್ಲಿ ಇದ್ದವನು. ಆಟದಲ್ಲಿ ಮೆಡೂಸಾಗಳ ಗುಂಪು ಇದೆ, ಮಿನೋಟರ್‌ಗಳ ಊರಿದೆ. ಬೈಬಲಿನ ಗೋಲಿಯತ್ ಅನ್ನುವ ಒಬ್ಬ ಯೋಧ ಈಗ ಆಟಗಾರರು ಆರಿಸಿಕೊಳ್ಳುವ ಒಂದು ಇಡೀ ಕುಲ. ಒಬ್ಬರ ಹೆಸರು ಪ್ರಾಣಿಯ ಹೆಸರಾಗುತ್ತದೆ. ಒಬ್ಬರಿಗೆ ಇದ್ದ ತಾಯಿ, ಶಾಪ, ಸಿಟ್ಟು ಎಲ್ಲ ಆಗ ಕಳಚಿ ಬೀಳುತ್ತದೆ.

ಈಗ ನಮ್ಮ ರಾಕ್ಷಸ. ಅವನು ಆಟಕ್ಕೆ ಬಂದಿದ್ದು ವಾಲ್ಮೀಕಿಯಿಂದ ಅಲ್ಲ, ವ್ಯಾಸರಿಂದಲೂ ಅಲ್ಲ. ಅಮೆರಿಕದ ಒಂದು ಟಿವಿ ಧಾರಾವಾಹಿಯಿಂದ. ಕೋಲ್‌ಚಾಕ್ ಅನ್ನುವ ಪತ್ರಕರ್ತ ವಾರಕ್ಕೊಂದು ದೆವ್ವ ಹಿಡಿಯುವ ಧಾರಾವಾಹಿ ಅದು. 1974ರ ಡಿಸೆಂಬರಿನ ಒಂದು ಕಂತಿನಲ್ಲಿ ರಾಕ್ಷಸ ಬರುತ್ತಾನೆ. ನೋಡುವವರಿಗೆ ಅವರು ಅತಿ ಹೆಚ್ಚು ನಂಬುವ ಮನುಷ್ಯನ ಹಾಗೆ ಕಾಣಿಸಿಕೊಂಡು ಕೊಲ್ಲುತ್ತಾನೆ. ಅವನನ್ನು ಕೊಲ್ಲಲು ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ಬೇಕು. ಗೈಗ್ಯಾಕ್ಸ್ ಇದನ್ನು ಹಾಗೇ ಇಳಿಸಿಕೊಂಡರು. 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಡೇವಿಡ್ ಟ್ರ್ಯಾಂಪಿಯರ್ ಬರೆದ ಚಿತ್ರ ಇತ್ತು. ಹುಲಿ ತಲೆಯ ಯಜಮಾನ ಆರಾಮಾಗಿ ಪೈಪ್ ಸೇದುತ್ತಿದ್ದಾನೆ. ಸುಳ್ಳು ಯಾಕೆ ಹೇಳಲಿ, ಚಿತ್ರ ಬಹಳ ಚೆನ್ನಾಗಿದೆ. ಆ ಒಂದು ಚಿತ್ರವೇ ಸುಮಾರು ಐವತ್ತು ವರ್ಷದಿಂದ ಪ್ರಪಂಚಕ್ಕೆ ರಾಕ್ಷಸ. 2014ರ ಆವೃತ್ತಿಯಲ್ಲೂ, ಒಳ್ಳೆಯವರ ಕೈಯಲ್ಲಿರುವ ಮಾಂತ್ರಿಕ ಆಯುಧ ಚುಚ್ಚಿದರೆ ಅವನಿಗೆ ಎರಡು ಪಟ್ಟು ಪೆಟ್ಟು. ಟಿವಿಯ ಬಾಣ ಇನ್ನೂ ಅವನ ಬೆನ್ನು ಬಿಟ್ಟಿಲ್ಲ.

ಹುಲಿ ಮುಖ ಪೂರ್ತಿ ಕಟ್ಟುಕತೆ ಅಂತಲೂ ಹೇಳುವ ಹಾಗಿಲ್ಲ. ಸುಂದರಕಾಂಡದಲ್ಲಿ ಸೀತೆಯನ್ನು ಸುತ್ತಿ ಕೂತ ರಾಕ್ಷಸಿಯರ ವರ್ಣನೆ ಬರುತ್ತದೆ. ಹಂದಿ ಮುಖ, ಜಿಂಕೆ ಮುಖ, ಹುಲಿ ಮುಖ, ಕೋಣನ ಮುಖ, ಮೇಕೆ ಮುಖ, ನರಿ ಮುಖ ಎಲ್ಲ ಅಲ್ಲಿವೆ. ಆದರೆ ಅದೇ ಕಾಂಡದಲ್ಲಿ ಹನುಮಂತ ಮಲಗಿದ್ದ ಮಂಡೋದರಿಯನ್ನು ನೋಡಿ, ಇಷ್ಟು ಚೆಲುವೆ ಸೀತೆಯೇ ಇರಬೇಕು ಅಂತ ಒಂದು ಕ್ಷಣ ಕುಣಿದಾಡುತ್ತಾನೆ. ರಾಕ್ಷಸರಿಗೆ ಒಂದೇ ಮುಖ ಅಂತ ಇಲ್ಲ. ಅಷ್ಟೊಂದು ಮುಖಗಳಲ್ಲಿ ಒಂದನ್ನು ಹಿಡಿದು ಇಡೀ ಕುಲಕ್ಕೆ ಅಂಟಿಸಿದ್ದು ಆಟದ ಕೆಲಸ.

ನಾಗನ ಗತಿಯೂ ಅದೇ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದವರು ನೋಡಿರುತ್ತೀರಿ, ಸಾವಿರಾರು ನಾಗರ ಕಲ್ಲುಗಳು. ಮಕ್ಕಳಾಗಲಿ, ದೋಷ ಕಳೆಯಲಿ ಅಂತ ಹರಕೆ ಹೊತ್ತವರು ನಿಲ್ಲಿಸಿದ್ದು. ಅರಿಶಿನ ಕುಂಕುಮ, ಹಾಲು, ಅರಳಿಕಟ್ಟೆಯ ಪ್ರದಕ್ಷಿಣೆ. ಆಟದಲ್ಲಿ ನಾಗ ಅಂದರೆ ಮನುಷ್ಯ ತಲೆಯ ದೊಡ್ಡ ಹಾವು, ನಿಧಿ ಕಾಯುವುದು ಅದರ ಕೆಲಸ. ವಾರ್‌ಕ್ರಾಫ್ಟ್‌ನಲ್ಲಿ ನಾಗರು ಸಮುದ್ರಕ್ಕೆ ಮುಳುಗಿ ರೂಪ ಕೆಟ್ಟ ಎಲ್ಫ್‌ಗಳು. ಗಿಲ್ಡ್ ವಾರ್ಸ್ ಅನ್ನುವ ಕಂಪ್ಯೂಟರ್ ಆಟದಲ್ಲಿ ಅಸುರ ಅಂದರೆ ಉದ್ದ ಕಿವಿಯ ಕುಳ್ಳ ವಿಜ್ಞಾನಿ. ಇದನ್ನು ನೋಡಿ ನಗು ಬಂತೇ ಹೊರತು ಸಿಟ್ಟು ಬರಲಿಲ್ಲ. ಜಪಾನಿನ ಫೈನಲ್ ಫ್ಯಾಂಟಸಿ ಅನ್ನುವ ವಿಡಿಯೋ ಆಟಗಳಲ್ಲಿ 1990ರಿಂದಲೂ ಶಿವ ಅಂದರೆ ಹಿಮ ಸುರಿಸುವ ಹೆಂಗಸು. ಪಾತ್‌ಫೈಂಡರ್ ಇವರೆಲ್ಲರಿಗಿಂತ ಉದಾರಿ. 2012ರ ಪುಸ್ತಕದಲ್ಲೇ ವಾನರ, ವಿಷಕನ್ಯೆ, ನಾಗಾಜಿ, ಮತ್ತೆ ಮತ್ತೆ ಹುಟ್ಟಿ ಬರುವ ಸಂಸಾರನ್ ಅನ್ನುವ ಕುಲಗಳನ್ನು ಆಟಗಾರರಿಗೆ ಕೊಟ್ಟಿತು. ವಿಷಕನ್ಯೆ ಒಂದು ಜೀವಜಾತಿ ಆಗಿದ್ದು ಹೇಗೆ ಅಂತ ಕೇಳಬೇಡಿ. ನಮ್ಮ ಕಥೆಗಳಲ್ಲಿ ಅದು ಅರಮನೆಯವರು ಹುಡುಗಿಯೊಬ್ಬಳಿಗೆ ಮಾಡಿದ ಕೇಡು, ಹುಟ್ಟಲ್ಲ.

ಪುರಾಣದಲ್ಲಿ ಇದ್ದು ಆಟಕ್ಕೆ ಬಾರದೆ ಹೋದದ್ದು ಒಂದೇ ಒಂದು. ನೆಂಟಸ್ತಿಕೆ. ರಾವಣ ರಾಕ್ಷಸ, ಕುಬೇರ ಯಕ್ಷರ ದೊರೆ. ಇಬ್ಬರಿಗೂ ತಂದೆ ವಿಶ್ರವಸ್ಸು. ಲಂಕೆ ಮೊದಲು ಕುಬೇರನದು. ಅಲ್ಲಿಗೆ ಅದು ದಾಯಾದಿ ಜಗಳ. ಗರುಡನ ತಾಯಿ ವಿನತೆ, ನಾಗರ ತಾಯಿ ಕದ್ರು. ಅಕ್ಕತಂಗಿಯರು, ಒಬ್ಬನೇ ಗಂಡ. ದೇವತೆಗಳು ಅದಿತಿಯ ಮಕ್ಕಳು, ದೈತ್ಯರು ದಿತಿಯ ಮಕ್ಕಳು, ಅಪ್ಪ ಕಶ್ಯಪನೇ. ಆಟದ ಪುಸ್ತಕದಲ್ಲಿ ಇವರೆಲ್ಲ ಬೇರೆ ಬೇರೆ ಪುಟದ ಬೇರೆ ಬೇರೆ ಪ್ರಾಣಿಗಳು. ಪುರಾಣದಲ್ಲಿ ಒಂದೇ ಮನೆ ಒಡೆದು ಆದ ಮನೆಗಳು. ಹಾಗಾಗಿಯೇ ಅಲ್ಲಿ ಪ್ರಹ್ಲಾದ ಹುಟ್ಟಬಹುದು, ಬಲಿ ಚಕ್ರವರ್ತಿ ದಾನಿಯಾಗಬಹುದು, ವಿಭೀಷಣ ಅಣ್ಣನನ್ನು ಬಿಟ್ಟು ಹೊರಡಬಹುದು. ಬಲಿಗೆ ನಾವು ದೀಪಾವಳಿಯಲ್ಲಿ ಒಂದು ದಿನವನ್ನೇ ಕೊಟ್ಟಿದ್ದೇವೆ. ಹುಟ್ಟಾ ಕೆಟ್ಟವನಾಗಿದ್ದರೆ ಅವನ ಹೆಸರಲ್ಲಿ ಪಾಡ್ಯ ಯಾರು ಮಾಡುತ್ತಿದ್ದರು?

ಚಿಂತಾಮಣಿ ತಾಲ್ಲೂಕಿನ ಕೈವಾರವನ್ನೇ ತೆಗೆದುಕೊಳ್ಳಿ. ಏಕಚಕ್ರಪುರ ಇದೇ, ಭೀಮ ಬಕಾಸುರನನ್ನು ಕೊಂದಿದ್ದು ಇಲ್ಲೇ ಅನ್ನುವುದು ಊರವರ ನಂಬಿಕೆ. ಕೈವಾರದ ಬೆಟ್ಟಕ್ಕೆ ಹೋದವರಿಗೆಲ್ಲ ಈ ಕಥೆ ಗೊತ್ತು. ಒಂದು ಬಂಡಿ ಅನ್ನ, ಎರಡು ಕೋಣ, ಜೊತೆಗೆ ಒಬ್ಬ ಮನುಷ್ಯ, ಇದು ಬಕನ ಊಟ. ಹೊಟ್ಟೆಬಾಕ ದೈತ್ಯ ಅಂತ ನಾವೂ ಅಷ್ಟಕ್ಕೇ ಬಿಡುತ್ತೇವೆ. ಆದಿಪರ್ವದಲ್ಲಿ, ಪಾಂಡವರು ಉಳಿದುಕೊಂಡಿದ್ದ ಮನೆಯ ಬ್ರಾಹ್ಮಣ ಕುಂತಿಗೆ ಹೇಳುವ ಮಾತು ಬೇರೆ ಇದೆ. ಈ ಸೀಮೆಗೆ ಬಕನೇ ಒಡೆಯ, ಅವನಿಂದಾಗಿ ನಮಗೆ ಹೊರಗಿನ ಶತ್ರುಗಳ ಭಯವಿಲ್ಲ, ಅದಕ್ಕೆ ಕೊಡುವ ಕೂಲಿ ಇದು ಅನ್ನುತ್ತಾನೆ. ಅಂದರೆ ಅದು ಕಂದಾಯ. ಬಕ ಒಬ್ಬ ಕ್ರೂರ ಪಾಳೇಗಾರ. ಪಾಳೇಗಾರರ ಕೋಟೆಗಳ ನಡುವೆ ಬೆಳೆದ ಚಿಕ್ಕಬಳ್ಳಾಪುರ, ಮಧುಗಿರಿ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಬಕ ಸತ್ತ ಮೇಲಿನ ಕಥೆ ಇನ್ನೂ ಚೆಂದ. ಶಬ್ದ ಕೇಳಿ ಅವನ ನೆಂಟರಿಷ್ಟರು ಹೊರಗೆ ಬರುತ್ತಾರೆ. ಭೀಮ ಅವರನ್ನು ಕೊಲ್ಲುವುದಿಲ್ಲ. ಇನ್ನು ಮೇಲೆ ಮನುಷ್ಯರ ತಂಟೆಗೆ ಬರಬೇಡಿ ಅಂತ ಮಾತು ತೆಗೆದುಕೊಳ್ಳುತ್ತಾನೆ. ಅವರು ಒಪ್ಪುತ್ತಾರೆ. ಅಂದಿನಿಂದ ಆ ಊರಿನ ಹತ್ತಿರ ಕಂಡ ರಾಕ್ಷಸರೆಲ್ಲ ಸೌಮ್ಯರಾಗಿದ್ದರು ಅನ್ನುತ್ತದೆ ಕಾವ್ಯ.

ಹೊಸ ಪುಸ್ತಕದಲ್ಲಿ ಅರ್ಧ ಎಲ್ಫ್, ಅರ್ಧ ಓರ್ಕ್ ಅನ್ನುವ ಆಯ್ಕೆಗಳನ್ನು ಕೈಬಿಟ್ಟಿದ್ದಾರೆ. ಒಬ್ಬರನ್ನು ಅರ್ಧ ಅನ್ನುವುದೇ ಸರಿಯಲ್ಲ ಅನ್ನುವುದು ಅವರ ವಾದ. ಪದದ ಬಗ್ಗೆ ಅವರು ಹೇಳುವುದು ಸರಿ ಇರಬಹುದು. ಆದರೆ ಎರಡು ಕುಲದ ನಡುವೆ ಹುಟ್ಟಿದವರ ಕಥೆಯನ್ನೇ ತೆಗೆದು ಹಾಕಿದ್ದು ನಷ್ಟ. ಘಟೋತ್ಕಚನನ್ನು ನೋಡಿ. ಹಿಡಿಂಬೆಯ ಮಗ, ಸಂಪೂರ್ಣ ರಾಕ್ಷಸ. ಕುಂತಿ ಅವನನ್ನು ಐವರಿಗೂ ಹಿರಿಯ ಮಗ ನೀನು ಅನ್ನುತ್ತಾಳೆ. ಅವನು ಅರ್ಧ ಯಾವುದೂ ಅಲ್ಲ, ಎರಡೂ ಕಡೆಗೆ ಪೂರ್ತಿ. ದ್ರೋಣಪರ್ವದ ರಾತ್ರಿ ಯುದ್ಧದಲ್ಲಿ ಕತ್ತಲೆಯಾದಂತೆ ರಾಕ್ಷಸರ ಬಲ ಏರುತ್ತದೆ. ಕರ್ಣ ಅರ್ಜುನನಿಗೆಂದು ಇಟ್ಟುಕೊಂಡಿದ್ದ ಶಕ್ತಿ ಆಯುಧವನ್ನು ಇವನ ಮೇಲೆ ಬಿಡಬೇಕಾಗುತ್ತದೆ. ಅದು ಒಮ್ಮೆ ಮಾತ್ರ ಬಳಸಬಹುದಾದ ಆಯುಧ. ಆಟದ ಭಾಷೆಯಲ್ಲಿ ಹೇಳುವುದಾದರೆ ನಿಯಮಗಳೆಲ್ಲ ವ್ಯಾಸರೇ ಬರೆದು ಇಟ್ಟಿದ್ದಾರೆ.

ನೆಂಟಸ್ತಿಕೆ ಕಳೆದುಕೊಂಡಿದ್ದು ನಾವಷ್ಟೇ ಅಲ್ಲ. ನಾರ್ಸ್ ಕಥೆಗಳಲ್ಲೂ ದೇವತೆಗಳೂ ದೈತ್ಯರೂ ಬೀಗರೇ. ಓಡಿನ್‌ನ ತಾಯಿ ದೈತ್ಯರ ಮಗಳು, ಥಾರ್‌ನ ತಾಯಿಯೂ ದೈತ್ಯರ ಕಡೆಯವಳು. ಆಟದಲ್ಲಿ ಅದೂ ಹೋಯಿತು. ಹಾಗಾಗಿ ನಮ್ಮ ಸಂಸ್ಕೃತಿಗೆ ಮಾತ್ರ ಅವಮಾನ ಆಯಿತು ಅನ್ನುವ ಕೂಗು ನನಗೆ ಹಿಡಿಸುವುದಿಲ್ಲ. ತೊಂದರೆ ಇರುವುದು ಪಟ್ಟಿ ಮಾಡುವ ಕ್ರಮದಲ್ಲೇ. ವ್ಯತ್ಯಾಸ ಏನೆಂದರೆ, ಓರ್ಕ್ ಎಲ್ಫ್‌ಗಳನ್ನು ಐವತ್ತು ವರ್ಷ ಆಡಿದ ಜನ ಕಳೆದುಹೋದದ್ದನ್ನು ಮತ್ತೆ ತುಂಬಿದರು. ರಾಕ್ಷಸನ ಕಡೆಯಿಂದ ಮಾತಾಡುವವರು ಆ ಮೇಜಿನಲ್ಲಿ ಕೂತೇ ಇರಲಿಲ್ಲ.

ಈಗ ಒಬ್ಬೊಬ್ಬರೇ ಕೂರುತ್ತಿದ್ದಾರೆ. 2022ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದ ಕಥೆಗಳ ಸಂಕಲನದಲ್ಲಿ ಬಂಗಾಳದ ಲೇಖಕಿ ಮಿಮಿ ಮಂಡಲ್ ಬರೆದ ಸಾಹಸವೊಂದಿದೆ, ನದಿ ಕಾಡುಗಳ ನಾಡಿನದು. ವಿಡಿಯೋ ಆಟಗಳಲ್ಲಿ ಹೈದರಾಬಾದಿನವರು 2017ರಲ್ಲಿ ಅಸುರನನ್ನೇ ನಾಯಕ ಮಾಡಿ ಆಟ ತಂದರು. ಆ ಕಂಪನಿಯ ಹೆಸರು ಓಗರ್ ಹೆಡ್. ಓಗರ್ ಫ್ರೆಂಚ್ ಜನಪದದ ನರಭಕ್ಷಕ, ಇ‍ವನ ಹೆಸರೂ ಆ ಓರ್ಕಸ್‌ನಿಂದಲೇ ಬಂದಿರಬೇಕು ಅನ್ನುತ್ತಾರೆ. ಪುಣೆಯ ತಂಡದ ‘ರಾಜಿ’ ಅನ್ನುವ ಆಟ 2020ರಲ್ಲಿ ಬಂತು. ಅದರಲ್ಲಿ ಅಸುರರು ಮತ್ತೆ ಹೊಡೆಯಬೇಕಾದವರೇ. ನಮ್ಮ ಟಿವಿ ಧಾರಾವಾಹಿಗಳು ಕೋರೆಹಲ್ಲು, ಕೊಂಬು, ಹ್ಹಹ್ಹಹ್ಹ ಅನ್ನುವ ನಗು ಇಟ್ಟು ಮಾಡುವುದೂ ಅದನ್ನೇ ಅಲ್ವಾ? ಟ್ರ್ಯಾಂಪಿಯರ್ ಅವರ ರಾಕ್ಷಸನಿಗೆ ಗತ್ತಾದರೂ ಇತ್ತು.

ಇದಕ್ಕೆ ಹೋಲಿಸಿದರೆ ನಮ್ಮ ಹಳ್ಳಿ ನಾಟಕಗಳೇ ವಾಸಿ. ತುಮಕೂರು ಜಿಲ್ಲೆಯಲ್ಲಿ ಕುರುಕ್ಷೇತ್ರ ಆಡುವಾಗ ಪಾತ್ರಧಾರಿಗಳೇ ದುಡ್ಡು ಹಾಕಿ ಪಾರ್ಟು ಹಿಡಿಯುತ್ತಾರೆ. ದುರ್ಯೋಧನನ ಪಾರ್ಟಿಗೆ ಬೀಳುವ ಪೈಪೋಟಿ ಧರ್ಮರಾಯನ ಪಾರ್ಟಿಗೆ ಇಲ್ಲ. ಕೆಟ್ಟವನು ಅಂತ ಗೊತ್ತಿದ್ದೂ ಅವನ ಕಿರೀಟ ಹೊತ್ತು, ಅವನ ಛಲ, ಕರ್ಣನ ಮೇಲಿನ ಪ್ರೀತಿ ಎಲ್ಲವನ್ನೂ ಹಾಡಿ ಬೆಳಗಿನ ಜಾವಕ್ಕೆ ತೊಡೆ ಮುರಿಸಿಕೊಂಡು ಬೀಳುವುದಕ್ಕೆ ಜನ ಕೈಯಿಂದ ದುಡ್ಡು ಕೊಡುತ್ತಾರೆ. ಎದುರಾಳಿಯ ಪಾತ್ರ ಮಾಡುವುದರಲ್ಲಿ ಇರುವ ಸುಖ ಗುಬ್ಬಿ ಕಂಪನಿಯ ನಾಡಿಗೆ ಅಮೆರಿಕದವರು ಹೇಳಿಕೊಡಬೇಕಾಗಿಲ್ಲ.

ಕೊನೆಗೆ ದುಡ್ಡು ಮತ್ತು ಕಾನೂನಿನ ಮಾತು. ಆಟದ ಕಂಪನಿಗಳು ಪುರಾಣದ ಹೆಸರುಗಳ ಹಿಂದೆ ಬೀಳುವುದಕ್ಕೆ ಭಕ್ತಿ ಕಾರಣವಲ್ಲ. ಆ ಹೆಸರುಗಳಿಗೆ ಒಡೆಯರಿಲ್ಲ. 1970ರ ದಶಕದಲ್ಲಿ ಟೋಲ್ಕಿನ್ ಕಥೆಗಳ ಹಕ್ಕು ಹೊಂದಿದ್ದವರು ತಕರಾರು ತೆಗೆದಾಗ ಆಟದವರು ಹಾಬಿಟ್ ಹೆಸರನ್ನು ಹಾಫ್‌ಲಿಂಗ್ ಅಂತಲೂ, ಎಂಟ್ ಅನ್ನುವ ನಡೆದಾಡುವ ಮರವನ್ನು ಟ್ರೆಂಟ್ ಅಂತಲೂ, ಬಾಲ್‌ರಾಗ್ ಅನ್ನುವ ಬೆಂಕಿ ಭೂತವನ್ನು ಬಾಲೋರ್ ಅಂತಲೂ ಬದಲಾಯಿಸಿದರು. ಬಾಲೋರ್ ಐರಿಷ್ ಪುರಾಣದಲ್ಲೂ ಇರುವ ಹೆಸರು, ಯಾರೂ ಕೇಳುವ ಹಾಗಿಲ್ಲ. ಎಲ್ಫ್, ಡ್ವಾರ್ಫ್, ಓರ್ಕ್ ಉಳಿದವು, ಯಾಕೆಂದರೆ ಅವು ಹಳೆಯವು. ಆಮೇಲೆ ಈ ಕಂಪನಿಯೇ ಬೀಗ ಹಾಕಲು ಕಲಿಯಿತು. ಬಿಹೋಲ್ಡರ್, ಮೈಂಡ್ ಫ್ಲೇಯರ್ ಥರದ ತನ್ನದೇ ಹೊಸ ಜೀವಿಗಳನ್ನು ಬೇರೆಯವರು ಬಳಸಬಾರದು ಅಂತ ಇಟ್ಟುಕೊಂಡಿತು.

2023ರ ಜನವರಿಯಲ್ಲಿ, ಬೇರೆಯವರು ತನ್ನ ಆಟದ ನಿಯಮಗಳನ್ನು ಬಳಸಲು ಕೊಟ್ಟಿದ್ದ ಪರವಾನಗಿಯನ್ನು ಬಿಗಿ ಮಾಡಲು ಹೋಗಿ ಕಂಪನಿ ಆಟಗಾರರ ಸಿಟ್ಟಿಗೆ ಸಿಕ್ಕಿತು. ಸಮಾಧಾನ ಮಾಡಲು ಆ ತಿಂಗಳ ಕೊನೆಗೆ ಮೂಲ ನಿಯಮಗಳ ಒಂದು ದೊಡ್ಡ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಲ್ಲಿ ರಾಕ್ಷಸನೂ ಇದ್ದಾನೆ. ಅಮೆರಿಕದ ಕಂಪನಿ ನಮ್ಮ ರಾಕ್ಷಸನನ್ನು ನಮಗೆ ಉಚಿತವಾಗಿ ಕೊಟ್ಟಿದೆ ಅಂತ ಬೇಕಾದರೆ ಸಂತೋಷಪಡಬಹುದು. ಇನ್ನೊಂದು ಕಡೆ ಪಾತ್‌ಫೈಂಡರ್‌ನವರು ಆ ಪರವಾನಗಿಯಿಂದ ದೂರ ಸರಿಯಲು ತಮ್ಮ ಪುಸ್ತಕಗಳನ್ನೇ ತಿದ್ದಿದರು. ಡ್ರೌ ಬಿಟ್ಟರು. ನರಕದ ರಕ್ತವಿರುವ ಟೀಫ್ಲಿಂಗ್ ಕುಲದ ಹೆಸರು ಹೋಗಿ ಹೀಬ್ರೂ ಬೈಬಲಿನ ನೆಫಿಲಿಮ್ ಬಂತು. 2024ರಲ್ಲಿ ಅವರ ಪಟ್ಟಿಗೆ ಯಕ್ಷರೂ ಸೇರಿದರು. ಕಾನೂನಿನ ಭಯ ಹೆಚ್ಚಾದಷ್ಟೂ ಕಂಪನಿಗಳು ಪುರಾಣದ ಕಡೆಗೆ ಹೆಚ್ಚು ವಾಲುತ್ತವೆ. ಹಾಗಾಗಿ ನಮ್ಮ ಹೆಸರುಗಳು ಇನ್ನೂ ಹೋಗುತ್ತವೆ, ಅದನ್ನು ತಡೆಯಲೂ ಆಗದು, ತಡೆಯಬೇಕಾಗಿಯೂ ಇಲ್ಲ.

ಯಾರಾದರೂ ಶನಿವಾರದ ಆಟಕ್ಕೆ ರಾಕ್ಷಸ ಪಾತ್ರ ಬರೆಯುವುದಾದರೆ ನಾನು ಇಷ್ಟು ಇಡುತ್ತೇನೆ. ಸೂರ್ಯ ಮುಳುಗಿದ ಮೇಲೆ ಬಲಕ್ಕೆ ಹೆಚ್ಚುವರಿ ಅಂಕ, ಹಗಲಲ್ಲಿ ಇಲ್ಲ. ದಿನಕ್ಕೊಮ್ಮೆ ರೂಪ ಬದಲಿಸುವ ಶಕ್ತಿ. ಒಳ್ಳೆಯವನೋ ಕೆಟ್ಟವನೋ ಅನ್ನುವ ಕಾಲಂ ಖಾಲಿ. ಅದರ ಬದಲು ಕಡ್ಡಾಯವಾಗಿ ತುಂಬಬೇಕಾದ ಎರಡು ಸಾಲು: ಮನುಷ್ಯರಲ್ಲಿ ನಿನ್ನ ನೆಂಟರು ಯಾರು, ಯಾರಿಗೆ ಏನು ಮಾತು ಕೊಟ್ಟಿದ್ದೀಯ. ಕೊಟ್ಟ ಮಾತು ಮುರಿದರೆ ರಾತ್ರಿಯ ಬಲವೂ ಹೋಗುತ್ತದೆ. ಇದನ್ನು ಕನ್ನಡದಲ್ಲಿ ಬರೆದು ಹಂಚಲು, ಮಾರಲು ಕೂಡ ಯಾರ ಅಪ್ಪಣೆಯೂ ಬೇಡ. ಆ ದಾಖಲೆಯಿಂದ ನಿಯಮದ ಸಾಲುಗಳನ್ನು ಎತ್ತಿಕೊಂಡಿದ್ದರೆ ಅಲ್ಲಿ ಕೇಳಿರುವ ಹಾಗೆ ಮೂಲದ ಹೆಸರು ಹಾಕಿದರೆ ಆಯಿತು. ಪೈಪ್ ಸೇದುವ ಹುಲಿಯ ಚಿತ್ರಕ್ಕೆ ಮಾತ್ರ ಹಕ್ಕುದಾರರಿದ್ದಾರೆ, ಅದನ್ನು ಹಾಕಬೇಡಿ.